ಗೊಂಬೆಯ ಹಸಿವು

ನಮ್ಮ ಗಾರ್ಮೆಂಟ್ಸ್‌ನಲ್ಲಿ ಎಲ್ಲರೂ ನನ್ನನ್ನು ಗೊಂಬೆ ಅಂತಲೇ ಕರೆಯುತ್ತಿದ್ದರು. ಹೊಸ ನಮೂನೆಯ ಪ್ಯಾಂಟು ಹೊಲಿದರೆ ಮೊದಲು ನನಗೆ ತೊಡಿಸಿ, ಸ್ಟೂಲಿನ ಮೇಲೆ ನಿಲ್ಲಿಸಿ, ಪಿನ್ನು ಚುಚ್ಚಿ ನೋಡಿ, ಆಮೇಲೆ ಆ ಅಳತೆಗೆ ರಾಶಿಗಟ್ಟಲೆ ಕತ್ತರಿಸುತ್ತಿದ್ದರು. ಹೊಲಿಯುವವರಿಗಿಂತ ಸಂಬಳ ಜಾಸ್ತಿ. ಸೊಂಟ ಬದಲಾಗಬಾರದು, ಅಷ್ಟೇ ಷರತ್ತು. ಅಪ್ಪ ಅಮ್ಮ ಇಲ್ಲದ ಮನೆಯಲ್ಲಿ ತಂಗಿಯ ಕಾಲೇಜು ನಡೆಯುತ್ತಿದ್ದದ್ದು ಈ ಸೊಂಟದ ಮೇಲೆ.

ಸೊಂಟ ಮಾತು ಕೇಳಬೇಕಲ್ಲ. ಮುಟ್ಟಾಗುವ ಮುಂಚಿನ ವಾರ ನನಗೆ ಹಾಳು ಹಸಿವು. ಉಂಡು ಕೈ ತೊಳೆಯುವಷ್ಟರಲ್ಲಿ ಹೊಟ್ಟೆ ಮತ್ತೆ ಚುರುಗುಟ್ಟುತ್ತದೆ. ಮೈ ಉಬ್ಬಿಕೊಂಡು ಗುಂಡಿ ಹಾಕುವುದೇ ಕಷ್ಟ. ಮುಟ್ಟು ಬಂತೆಂದರೆ ಹಸಿವೂ ಇಳಿಯುತ್ತದೆ, ಉಬ್ಬರವೂ ಇಳಿಯುತ್ತದೆ. ಇದನ್ನು ನಾಚಿಕೆ ಬಿಟ್ಟು, ಅಳತೆ ತೆಗೆದು ಬಟ್ಟೆ ಕತ್ತರಿಸುವ ಮಾಸ್ಟರಿಗೆ ಹೇಳಿದ್ದೆ, ಆ ವಾರ ಅಳತೆ ಬೇಡ ಎಂದು ಕೇಳಿಕೊಂಡಿದ್ದೆ. ಅವನು ಟೇಪನ್ನು ಕೊರಳಿಗೆ ಹಾಕಿಕೊಂಡು, ಆರ್ಡರುಗಳು ನಿನ್ನ ಮುಟ್ಟು ನೋಡಿಕೊಂಡು ಬರುತ್ತವಾ ಎಂದು ಎಲ್ಲರೆದುರು ನಕ್ಕ. ಅವನ ಹಲ್ಲು ಉದುರಿಸಬೇಕು ಅನ್ನಿಸಿತ್ತು.

ಅಂದಿನಿಂದ ಕ್ಯಾಂಟೀನಿನಲ್ಲಿ ನನ್ನ ತಟ್ಟೆಯನ್ನು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯತೊಡಗಿದ. ಹೊಟ್ಟೆಬಾಕಿ ಎಂಬ ಬಿರುದನ್ನೂ ಕೊಟ್ಟ. ನಾನು ಅವನೆದುರು ಅರ್ಧಕ್ಕೇ ಎದ್ದು, ಟಾಯ್ಲೆಟ್ಟಿನ ಚಿಲಕ ಹಾಕಿಕೊಂಡು ಬ್ರೆಡ್ಡು ತಿನ್ನುತ್ತಿದ್ದೆ. ಆ ನಾತದಲ್ಲಿ ನುಂಗಿದ ಒಂದೊಂದು ತುತ್ತಿಗೂ ಅವನಿಗೆ ಶಾಪ ಹಾಕಿದ್ದೇನೆ.

ಕೊನೆಗೆ ಒಂದು ದೊಡ್ಡ ಆರ್ಡರಿನ ಅಳತೆ ಅದೇ ವಾರಕ್ಕೆ ಬಿತ್ತು. ಕೊಳ್ಳುವವರ ಕಣ್ಣೆದುರಿಗೇ ಗುಂಡಿ ಕೂರಲಿಲ್ಲ. ಮರುದಿನವೇ ನನ್ನನ್ನು ದಾರ ಕತ್ತರಿಸುವ ಮೇಜಿಗೆ ತಳ್ಳಿದರು. ಅಲ್ಲಿ ಸಂಬಳ ಅರ್ಧ, ತಂಗಿ ಕಾಲೇಜು ಬಿಟ್ಟಳು. ನನ್ನ ಸ್ಟೂಲಿನ ಮೇಲೆ ಮಾಸ್ಟರ್ ತನ್ನ ಮಗಳನ್ನೇ ನಿಲ್ಲಿಸಿದ, ಆಗ ತಾನೇ ಓದು ಮುಗಿಸಿದ್ದ ಕಡ್ಡಿಯಂಥ ಹುಡುಗಿ.

"ನೋಡಿ ಕಲಿ. ಬಾಯಿ ಕಟ್ಟೋದು ಅಂದ್ರೆ ಹೀಗೆ" ಎಂದ ನನಗೆ.

ಹುಡುಗಿಯೇನು ಕಬ್ಬಿಣದವಳಲ್ಲ. ಬರಬರುತ್ತಾ ಮುಖ ಬಿಳಿಚಿಕೊಂಡಿತು, ಸ್ಟೂಲಿನ ಮೇಲೆ ಕಾಲುಗಳು ನಡುಗತೊಡಗಿದವು. ನೋಡಿ ಒಳಗೊಳಗೇ ಖುಷಿಪಟ್ಟೆ. ಒಂದು ಮಧ್ಯಾಹ್ನ ನಲ್ಲಿಯ ಹತ್ತಿರ ಅವಳೇ ನನ್ನ ಕೈ ಹಿಡಿದುಕೊಂಡಳು.

"ಅಕ್ಕಾ, ಈ ವಾರ ಎಷ್ಟು ತಿಂದ್ರೂ ಸಾಲ್ತಿಲ್ಲ. ಮನೇಲಿ ಅಪ್ಪ ತಿನ್ನೋದೆಲ್ಲ ಬಚ್ಚಿಡ್ತಾರೆ. ನಂಗೇನಾದ್ರೂ ಕಾಯಿಲೆನಾ?"

ಮುಟ್ಟು ಯಾವಾಗ ಎಂದು ಕೇಳಿದೆ. ಇನ್ನೇನು ಬರಬೇಕು ಎಂದಳು. ಕಾಯಿಲೆಯಲ್ಲ, ಮೈಯೇ ಕೇಳುತ್ತಿದೆ, ಕೊಡು ಎಂದು ಹೇಳಿ ನನ್ನ ಚೀಲದಿಂದ ಬ್ರೆಡ್ಡಿನ ಪೊಟ್ಟಣ ತೆಗೆದುಕೊಟ್ಟೆ. ಯಾರ ಕಣ್ಣಿಗೂ ಬೀಳದೆ ಎಲ್ಲಿ ತಿನ್ನಬಹುದು ಅಂತಲೂ ಹೇಳಿದೆ. ಕೊಟ್ಟದ್ದು ಕನಿಕರಕ್ಕೋ ಹಗೆಗೋ, ನನಗೇ ಗೊತ್ತಿಲ್ಲ.

ಅವಳು ಅತ್ತ ಹೋದಳು, ಇತ್ತ ಮಾಸ್ಟರ್ ನನ್ನ ಮೇಜಿಗೆ ಬಂದ. ತನ್ನ ಬುಡಕ್ಕೆ ಬಂದಾಗ ಯಾರ ದನಿಯಾದರೂ ಮೆತ್ತಗಾಗುತ್ತದೆ. ನಾಳೆ ಅಳತೆ ಇದೆ, ಮಗಳ ಸೊಂಟ ಏರಿದೆ, ಎಷ್ಟು ಗದರಿದರೂ ಪ್ರಯೋಜನವಿಲ್ಲ ಎಂದು ಅಲವತ್ತುಕೊಂಡ.

"ಆ ವಾರ ನೀನು ಹಸಿವು ಹೇಗೆ ತಡ್ಕೊಳ್ತಿದ್ದೆ? ಅವಳಿಗೊಂಚೂರು ಹೇಳ್ಕೊಡು."

ಕತ್ತರಿ ಕೆಳಗಿಟ್ಟೆ.

"ತಡ್ಕೊಳ್ತಿರ್ಲಿಲ್ಲ ಮಾಸ್ಟರ್. ಟಾಯ್ಲೆಟ್ಟಲ್ಲಿ ನಿಂತ್ಕೊಂಡು ತಿಂತಿದ್ದೆ. ಈಗ ನಿಮ್ಮ ಮಗಳೂ ಅಲ್ಲೇ ನಿಂತಿದ್ದಾಳೆ, ಹೋಗಿ ನೋಡಿ."

ಅವನು ಹೆಂಗಸರ ಟಾಯ್ಲೆಟ್ಟಿನ ಬಾಗಿಲವರೆಗೂ ಧಾವಿಸಿ ಅಲ್ಲೇ ನಿಂತ. ಒಳಗೆ ಹೋಗುವ ಹಾಗಿಲ್ಲವಲ್ಲ. ಮೇಜಿನವರೆಲ್ಲ ದಾರ ಬಿಟ್ಟು ನೋಡುತ್ತಿದ್ದರು. ಅವನು ಮಗಳ ಹೆಸರು ಹಿಡಿದು ಕೂಗಿದ.

"ತಿಂತಿಲ್ಲ ಅಪ್ಪಾ" ಎಂದಳು ಅವಳು ಒಳಗಿನಿಂದ, ಬಾಯಿ ತುಂಬ ಬ್ರೆಡ್ಡು ಇಟ್ಟುಕೊಂಡು.