ಬಣ್ಣ ತೊಳೆದ ನೆರಿಗೆಗಳು

ನಾನು ಪ್ಲಾಸ್ಟರಿನಲ್ಲಿ ಎರಕ ಹೊಯ್ದ ಒಂದು ಹೆಣ್ಣಿನ ಪ್ರತಿಮೆ. ತಲೆಯಿಲ್ಲ, ತೋಳುಗಳಿಲ್ಲ. ಒಡೆದುಹೋದದ್ದಲ್ಲ, ಹುಟ್ಟಿದ್ದೇ ಹಾಗೆ. ಗ್ರೀಸ್ ದೇಶದಲ್ಲಿ ಎರಡು ಸಾವಿರ ವರ್ಷಕ್ಕೂ ಹಿಂದೆ ಕಡೆದ ಅಮೃತಶಿಲೆಯ ದೇವತೆಯೊಬ್ಬಳಿದ್ದಾಳೆ. ಮಣ್ಣಿನಡಿಯಿಂದ ಎತ್ತುವಾಗಲೇ ಅವಳಿಗೆ ತಲೆ, ತೋಳು ಇರಲಿಲ್ಲವಂತೆ. ಅವಳ ಮೈಯಿಂದ ತೆಗೆದ ಅಚ್ಚು ಕೈಯಿಂದ ಕೈಗೆ ದಾಟಿ ಮುಂಬಯಿಗೆ ಬಂತು. ಅಲ್ಲಿ ಬಿಳಿ ಪುಡಿಯನ್ನು ನೀರಿನಲ್ಲಿ ಕದಡಿ ಅಚ್ಚಿಗೆ ಸುರಿದರು. ಮೈ ಬೆಚ್ಚಗಾಯಿತು, ಮೆಲ್ಲಗೆ ಗಟ್ಟಿಯಾಯಿತು. ಅಚ್ಚು ಬಿಚ್ಚಿದಾಗ ನಾನಿದ್ದೆ: ಎದುರುಗಾಳಿಗೆ ಮೈಗಂಟಿದ ಉಡುಗೆ, ಹಿಂದಕ್ಕೆ ಹಾರುವ ನೆರಿಗೆಗಳು.

ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ರೈಲಿನಲ್ಲಿ ಬಂದು ಧಾರವಾಡದ ಒಂದು ಚಿತ್ರಕಲಾ ಶಾಲೆ ಸೇರಿದೆ. ಕಿಟಕಿಯ ಪಕ್ಕ ಪೀಠದ ಮೇಲೆ ನಿಲ್ಲಿಸಿದರು. ವರ್ಷ ವರ್ಷ ಹೊಸ ಹುಡುಗರು ಬಂದರು, ಇದ್ದಿಲ ಕಡ್ಡಿ ಹಿಡಿದು ನನ್ನನ್ನು ಬರೆದರು, ಪಾಸಾಗಿ ಹೋದರು. ಯಾರೂ ನನ್ನನ್ನು ಎರಡನೇ ಸಲ ನೋಡಲಿಲ್ಲ.

ಇರಾವತಿ ಮುಳಗುಂದ ಹಾಗಲ್ಲ. ಸಣಕಲು ಹುಡುಗಿ, ಕುಳಿತಲ್ಲಿ ಕೂರುವವಳಲ್ಲ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಒಮ್ಮೆ ನೆಲಕ್ಕೆ ಕೆನ್ನೆಯೊತ್ತಿ ಕೆಳಗಿನಿಂದ ನೋಡುವಳು. ಪರೀಕ್ಷೆಯ ದಿನ ಅವಳ ಹಾಳೆಯಲ್ಲಿ ಬರೀ ಗೆರೆಗಳಿದ್ದವು. ಮೇಷ್ಟ್ರು ಹಲಗತ್ತಿಯವರು ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಮೂರ್ತಿ ಎಲ್ಲೈತವ್ವಾ ಇದರಾಗ?"

"ಮೂರ್ತಿ ಬರದಿಲ್ರಿ ಸರ. ಅಕೀ ಎಲ್ಲಿಗೋ ಓಡಾಕತ್ತಾಳ. ಆ ಓಡೂದನ್ನಷ್ಟ ಬರದೀನ್ರಿ."

"ಕಲ್ಲು ಓಡ್ತೈತೇನು?"

ಅವಳು ತಲೆ ತಗ್ಗಿಸಲಿಲ್ಲ. ಆ ವರ್ಷ ಫೇಲಾದಳು. ಮರುವರ್ಷ ಅವರು ಕೇಳಿದಂತೆ ಬರೆದು ಪಾಸಾದಳು. ಆದರೆ ನನ್ನ ಎದುರು ನಿಂತಾಗ ಅವಳ ಬೆರಳುಗಳು ಹಾಳೆಯಿಲ್ಲದೆಯೂ ಆಡುತ್ತಿದ್ದವು.

ಮುಂದೆ ಶಾಲೆಗೆ ಹೊಸ ಆಡಳಿತ ಬಂದು ಹಳೆಯ ಪ್ರತಿಮೆಗಳು ಬೇಡವೆಂದಿತು. ನನ್ನನ್ನು ಹಿತ್ತಲಲ್ಲಿ ಒಡೆದ ಬೆಂಚುಗಳ ಜೊತೆ ಮಲಗಿಸಿದರು. ಸುದ್ದಿ ತಿಳಿದ ಇರಾವತಿ ಟೆಂಪೊ ತಂದಳು, ನನ್ನನ್ನು ಕೌದಿಯಲ್ಲಿ ಸುತ್ತಿ ಸಪ್ತಾಪುರದ ತನ್ನ ಮನೆಗೆ ಒಯ್ದಳು. ಮನೆಯಲ್ಲಿದ್ದವರು ಅವಳು ಮತ್ತು ತಂಗಿ ಗಿರಿಜೆ. ಗಿರಿಜೆ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದಳು.

ಅಲ್ಲಿಂದ ನನಗೆ ಒಂದೆಡೆ ನಿಲ್ಲುವ ಯೋಗವೇ ತಪ್ಪಿತು. ಬೆಳಿಗ್ಗೆ ಬಾಗಿಲಿಗೆ, ಮಧ್ಯಾಹ್ನ ಗೋಡೆಗೆ, ಸಂಜೆ ಅಂಗಳಕ್ಕೆ ಎಳೆದಾಡುವಳು. ಬಿಸಿಲು ಸರಿದಂತೆ ನೆರಿಗೆಯ ನೆರಳು ಸರಿಯುವುದನ್ನು ಹಿಡಿಯಲು ಹೊರಟವಳು, ಬಿಳಿಯ ಮೇಲೆ ಬಿಳಿ ಬಳಿದು, ಒಣಗುವ ಮೊದಲೇ ಕೆರೆದು ಹಾಕುವಳು. ಒಂದು ಕ್ಯಾನ್ವಾಸ್ ಮುಗಿದರೆ ನಿಟ್ಟುಸಿರಿಲ್ಲ, ಇನ್ನೊಂದರ ಚಡಪಡಿಕೆ. ಆ ಬಿಳಿಯ ಚಿತ್ರಗಳಲ್ಲಿ ಹೆಣ್ಣೂ ಇರಲಿಲ್ಲ, ಬಟ್ಟೆಯೂ ಇರಲಿಲ್ಲ. ಆದರೂ ಎದುರು ನಿಂತವರು ಗಾಳಿ ಬೀಸಿದಂತೆ ಸೆರಗು ಸರಿಮಾಡಿಕೊಳ್ಳುತ್ತಿದ್ದರು. ನಿಧಾನವಾಗಿ ಹೆಸರು ಬಂತು. "ಬಿಳಿಯ ಇರಾವತಿ" ಎಂದು ಪತ್ರಿಕೆಗಳು ಬರೆದವು.

ಕೂದಲು ನರೆತ ಮೇಲೆ ಗ್ರೀಸಿನ ಒಂದು ದ್ವೀಪದಿಂದ ಕಲಾವಿದರ ಶಿಬಿರಕ್ಕೆ ಕರೆ ಬಂತು. ಅಲ್ಲಿನ ಮ್ಯೂಸಿಯಮ್ಮಿನಲ್ಲೇ ನನ್ನ ಮೂಲದ ಶಿಲೆ ಇತ್ತು. ಹೊರಡುವ ದಿನ ಇರಾವತಿ ನನ್ನ ಸೊಂಟ ತಟ್ಟಿ ಹೋದಳು. ತಿರುಗಿ ಬಂದವಳು ನನ್ನತ್ತ ನೋಡಲೇ ಇಲ್ಲ. ಚಹಾ ಆರಿಹೋಗುತ್ತಿತ್ತು, ಕುಂಚಗಳು ಒಣಗಿ ಕೋಲಾದವು. ಕಡೆಗೆ ಗಿರಿಜೆಯೇ ಕೇಳಿದಳು.

"ಅಲ್ಲೇನಾತು?"

"ಅಕೀ ಬೆಳ್ಳಗ ಇದ್ದಿಲ್ಲ ಗಿರಿಜಾ. ನೆರಿಗಿ ಸಂದಿನೊಳಗ ಬಣ್ಣ ಉಳದೈತಿ. ಕೆಂಪು, ನೀಲಿ. ಅಂಚಿಗೆ ಹಳದಿ ಇತ್ತಂತ. ಕಡದವರು ಮೈತುಂಬ ಬಣ್ಣ ಹಚ್ಚಿದ್ದರಂತ. ಮಳಿ, ಮಣ್ಣು ಎಲ್ಲಾ ತೊಳದು ಬಿಟ್ಟಾವು."

"ಹಳೇ ಮೂರ್ತಿಗೆಲ್ಲಾ ಬಣ್ಣ ಇರ್ತಿತ್ತು. ನಾ ಪಾಠದಾಗ ಹೇಳ್ತೀನಲ್ಲ."

"ನನಗ್ಯಾಕ ಹೇಳಲಿಲ್ಲ?"

"ನೀ ಕೇಳಿದ್ಯಾ?"

ಇರಾವತಿ ಎದ್ದು ಬಂದು ನನ್ನ ಮುಂದೆ ನಿಂತಳು. "ಇಷ್ಟು ವರ್ಷ ತೊಳದಿಟ್ಟ ಸುಳ್ಳು ನೋಡಿಕೋತ ಕುಂತೆ" ಎಂದು ಎರಡೂ ಕೈಯಿಂದ ನೂಕಿದಳು. ನಾನು ಗೋಡೆಗೆ ಬಡಿದೆ. ಎಡ ಸೊಂಟ ಹಾರುವ ನೆರಿಗೆಗಳ ಸಮೇತ ಕಳಚಿ ಚೂರಾಯಿತು. ಗಿರಿಜೆ ಮೊರ ಹಿಡಿದು ಬಂದಳು, ಚೂರುಗಳನ್ನು ಬಳಿದು ತುಂಬಿದಳು. ಬಾಗಿಲು ದಾಟುವಾಗ ಇರಾವತಿ ತಡೆದಳು.

"ಚೆಲ್ಲಬ್ಯಾಡ. ಒಳಕಲ್ಲು ಖಾಲಿ ಐತೇನು?"

ಅವಳು ಚೂರುಗಳನ್ನು ಆ ಒರಳಿನಲ್ಲಿ ಕುಟ್ಟಿ, ವಸ್ತ್ರಗಾಳಿಸಿ, ಕಾಯಿಸಿದ ಅಂಟಿನಲ್ಲಿ ಕಲಸಿದಳು. ಆ ಬಿಳಿಯನ್ನು ಹೊಸ ಕ್ಯಾನ್ವಾಸಿಗೆ ತಳಪಾಯವಾಗಿ ಬಳಿದಳು. ಒಣಗಿದ ಮೇಲೆ, ಹರೆಯದಿಂದ ಮುಟ್ಟದಿದ್ದ ಕೆಂಪಿನ ಡಬ್ಬಿ ತೆರೆದಳು. ಮೊದಲ ಗೆರೆ ಎಳೆದು ಹೊರಗೆ ಹೋಗಿ ಅಂಗಳ ಸುತ್ತಿದಳು, ಮತ್ತೆ ಬಂದು ನೀಲಿ ಹಚ್ಚಿದಳು. ವಾರಗಟ್ಟಲೆ ಹೀಗೇ. ಕೊನೆಗೆ ಅಲ್ಲಿ ಉರಿಯುವ ಪಟ್ಟಿಗಳು ಒಂದರ ಹಿಂದೊಂದು ಓಡುತ್ತಿದ್ದವು. ಬಿಳಿಯನ್ನು ಮೆಚ್ಚಿದ್ದ ಕೆಲವರು ಮುಖ ತಿರುಗಿಸಿದರು, ಅವಳಿಗೆ ವಯಸ್ಸಾಯಿತೆಂದರು. ಅವಳು ಆಗಲೇ ಮುಂದಿನ ಕ್ಯಾನ್ವಾಸ್ ಬಿಗಿಯುತ್ತಿದ್ದಳು.

ಆಮೇಲೆ ಪ್ರತಿ ಚಿತ್ರಕ್ಕೂ ನನ್ನದೊಂದು ಚೂರು. ಬೆನ್ನು ಹೋಯಿತು, ಎದೆ ಹೋಯಿತು. ಈಗ ಮೂಲೆಯಲ್ಲಿ ಮೊಣಕಾಲಿನ ಮೇಲಿನ ಒಂದಿಷ್ಟು ಮಾತ್ರ ಉಳಿದಿದ್ದೇನೆ.

ಇವತ್ತು ಸುತ್ತಿಗೆ ಹಿಡಿದು ಬಂದ ಅಕ್ಕನಿಗೆ ಗಿರಿಜೆ ಅಡ್ಡ ನಿಂತಳು. "ಇಷ್ಟರ ಇರಲಿ. ಇದೂ ಮುಗದರ ಏನ ನೋಡಿ ಬರೀತೀ?"

"ಇದು ಇರೂತನಕ ಇದನ್ನಷ್ಟ ನೋಡ್ತೀನಿ. ಅದಕ್ಕ ಮುಗೀಲಿ."

ಗಿರಿಜೆ ಪಕ್ಕಕ್ಕೆ ಸರಿದಳು. ಆಮೇಲೆ ಒಳಕಲ್ಲು ತೊಳೆಯಲು ಒಳಗೆ ಹೋದಳು.

ಆ ಅಮೃತಶಿಲೆಯನ್ನು ಈಗ ಯಾರೂ ಮುಟ್ಟುವಂತಿಲ್ಲ, ಸುತ್ತ ಹಗ್ಗ ಕಟ್ಟಿದ್ದಾರಂತೆ. ಅವಳಿಗೆ ಬಣ್ಣ ಹಚ್ಚುವವರು ಇನ್ನು ಬರುವುದಿಲ್ಲ. ನನ್ನ ಮುಂದೆ ಮುದುಕಿಯೊಬ್ಬಳು ಸುತ್ತಿಗೆ ಹಿಡಿದು ಮಂಡಿಯೂರಿ ಕೂತಿದ್ದಾಳೆ. ಪಕ್ಕದಲ್ಲಿ ಹಳದಿ ಡಬ್ಬಿಯ ಮುಚ್ಚಳ ತೆರೆದಿದೆ.