ಪುಕ್ಕ ಕಿತ್ತ ಹುಂಜ

ಈಸ್ಟರ್ ಹಬ್ಬದ ಹಿಂದಿನ ದಿನ ನನ್ನ ತಮ್ಮ ಅನ್ಸೆಲ್ಮ್ ನನಗೊಂದು ಹುಂಜ ತಂದುಕೊಡುತ್ತಾನೆ. ಅಪ್ಪ ಸತ್ತ ಮೇಲೆ ಒಂದು ವರ್ಷವೂ ತಪ್ಪಿಸಿಲ್ಲ. ಕತ್ತು ಮುರಿಯುವುದು ಅವನು. ಪುಕ್ಕ ಕಿತ್ತು, ಕರುಳು ತೆಗೆದು, ಹೊಟ್ಟೆ ಹೊಲಿದು, ಬಿಳಿ ಬಟ್ಟೆಯಲ್ಲಿ ಸುತ್ತುವುದು ಅವನ ಹೆಂಡತಿ ಸೊಲಾಂಜ್. ಕುತ್ತಿಗೆಯ ತಾಮ್ರಬಣ್ಣದ ಗರಿಯನ್ನೂ ಕಾಲಿನ ಮೇಲಿನ ಪುಕ್ಕವನ್ನೂ ಮಾತ್ರ ಹಾಗೇ ಬಿಡಬೇಕೆಂದು ಅವನ ಅಪ್ಪಣೆ. ಇದು ಅಪ್ಪನ ಮಾರಾನ್ ತಳಿಯೇ ಎಂದು ನನಗೆ ಗೊತ್ತಾಗಬೇಕಲ್ಲ, ಅದಕ್ಕೆ. ಮೊದಲ ವರ್ಷ ನಾನು ಅವನನ್ನು ಒಂದು ಜೀವಂತ ಹುಂಜ ಕೇಳಿದ್ದೆ. ಅದಕ್ಕೆ ಅವನು ಕೊಡುತ್ತಿರುವ ಉತ್ತರ ಇದು.

"ಎಂಥಾ ತಮ್ಮನ್ನ ಪಡೆದಿದ್ದೀಯ ಒನೋರಿನ್!" ಎಂದು ಊರವರು ಹೊಗಳುತ್ತಾರೆ. ನಾನು ಹಲ್ಲು ಕಚ್ಚಿಕೊಂಡು ಆ ಹುಂಜವನ್ನು ವೈನಿನಲ್ಲಿ ಬೇಯಿಸಿ ತಿನ್ನುತ್ತೇನೆ. ಕೋಪ ಬಂತೆಂದು ಒಳ್ಳೆಯ ಮಾಂಸ ಬಿಸಾಡುವಷ್ಟು ದಡ್ಡಿ ನಾನಲ್ಲ.

ಅವನ ಹೊಟ್ಟೆಯುರಿ ಹಳೆಯದು. ಒಮ್ಮೆ ಅಪ್ಪ ಊರಿನ ಹೋಟೆಲಿನಲ್ಲಿ, ಎಲ್ಲರೂ ಕೂತಿದ್ದಾಗ, "ಕೋಳಿ ಆರಿಸೋ ಕಣ್ಣು ನನ್ ಮಗಳಿಗಿದೆ. ಅನ್ಸೆಲ್ಮ್‌ಗಿರೋದು ಕನ್ನಡಿ ನೋಡ್ಕೊಳ್ಳೋ ಕಣ್ಣು" ಎಂದುಬಿಟ್ಟಿದ್ದ. ಜನ ಬಿದ್ದು ಬಿದ್ದು ನಕ್ಕರು. ಅಂದಿನಿಂದ ಅವನು ನನ್ನನ್ನು ಅಕ್ಕ ಎಂದು ಕರೆದಿಲ್ಲ. ಅಪ್ಪ ಕಣ್ಣು ಮುಚ್ಚಿದ್ದೇ ತಡ, ಮನೆ, ಕಾಲುವೆಯಂಚಿನ ಹುಲ್ಲುಗಾವಲು, ಕೋಳಿಗೂಡು ಎಲ್ಲವನ್ನೂ ಬಾಚಿಕೊಂಡ. "ಹುಂಜ ಮನೆಗೆ, ಹೇಂಟೆ ಹೆಣ್ಣಿಗೆ" ಎಂದು ನಾಲ್ಕು ಹೇಂಟೆಗಳನ್ನು ಗೋಣಿಯಲ್ಲಿ ತುಂಬಿ ನನ್ನ ಬಾಗಿಲಲ್ಲಿ ಬಿಸುಟು ಹೋದ. ಆಮೇಲೆ ಅವನ ಗೇಟು ದಾಟಿ ಒಂದು ಹುಂಜವಾಗಲಿ, ಮರಿಯಾಗುವ ಒಂದು ಮೊಟ್ಟೆಯಾಗಲಿ ಯಾರಿಗೂ ಹೋಗಲಿಲ್ಲ. ತನ್ನ ಕೋಳಿ ಕೂಗಿದರೇ ಬೆಳಗಾಗುವುದು ಎಂದುಕೊಂಡವನು ಅವನು.

ಅಪ್ಪನ ಕೋಳಿ ಎರಡಕ್ಕೂ ಸೈ. ಹೇಂಟೆ ಇಡುವುದು ಹುರಿದ ಕಾಫಿಬೀಜದ ಬಣ್ಣದ ಮೊಟ್ಟೆ. ಹುಂಜದ ಎದೆಯ ಮೇಲೆ ಕೈಯಿಟ್ಟರೆ ಕೈತುಂಬ ಮಾಂಸ. ಇವೆರಡನ್ನೂ ಉಳಿಸಿಕೊಳ್ಳುವುದು ಸುಲಭವಲ್ಲ. ಒಂದರ ಬೆನ್ನು ಹತ್ತಿದರೆ ಇನ್ನೊಂದು ಕೈಬಿಡುತ್ತದೆ. "ಹುಂಜದ ಗರಿಗೆ ಮರುಳಾಗ್ಬೇಡ ಮಗಳೇ. ಅದು ಯಾವ ಬಣ್ಣದ ಮೊಟ್ಟೆಯಿಂದ ಬಂತು ಅಂತ ನೋಡು. ಆಮೇಲೆ ಎದೆ ಮುಟ್ಟಿ ನೋಡು. ಕೊನೇಲಿ ಬೇಕಾದ್ರೆ ಅಂದ ನೋಡು" ಎನ್ನುತ್ತಿದ್ದ ಅಪ್ಪ. ಅನ್ಸೆಲ್ಮ್ ಶುರು ಮಾಡುವುದೇ ಅಂದದಿಂದ. ಪ್ರದರ್ಶನಗಳಲ್ಲಿ ರಿಬ್ಬನ್ ಗೆದ್ದು ಗೋಡೆ ತುಂಬ ನೇತುಹಾಕಿಕೊಂಡಿದ್ದಾನೆ. ಗೆದ್ದ ಹುಂಜಕ್ಕೆ ಅದರ ತಂಗಿಯನ್ನೇ ಜೋಡಿ ಮಾಡುತ್ತಾನೆ, ಅವುಗಳ ಮಕ್ಕಳಿಗೆ ಮತ್ತೆ ಅವುಗಳನ್ನೇ. ಹೊರಗಿನ ರಕ್ತ ಅಂದರೆ ಅವನಿಗೆ ಮೈಲಿಗೆ.

ನನ್ನ ಪಾಡು ಬೇರೆ. ಹುಂಜವಿಲ್ಲದೆ ಹೇಂಟೆ ಎಷ್ಟು ದಿನ? ಪಕ್ಕದ ತೋಟದವರ ಕೆಂಪು ಹುಂಜವನ್ನು ತಂದು ಬಿಟ್ಟೆ. ಹುಟ್ಟಿದ ಹೇಂಟೆಗಳು ಚಹಾಕ್ಕೆ ಹಾಲು ಹೆಚ್ಚಾದಂಥ ಬಣ್ಣದ ಮೊಟ್ಟೆಯಿಟ್ಟವು, ಹುಂಜಗಳು ಬರೀ ಮೂಳೆ. ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಅವನ್ನು ನೋಡಿದಾಗಲೆಲ್ಲ ನನಗೆ ಅಳು ಬರುತ್ತಿತ್ತು. ಅಪ್ಪನ ನಾಲ್ಕು ಹೇಂಟೆಗಳಲ್ಲಿ ಎರಡನ್ನು ನರಿ ಒಯ್ದಿತು. ಉಳಿದೆರಡು ಮುದಿಯಾಗಿ, ವಸಂತದಲ್ಲಿ ಮಾತ್ರ ನಾಲ್ಕಾರು ಮೊಟ್ಟೆಯಿಡುತ್ತಿದ್ದವು. ಅವು ಸತ್ತರೆ ನನ್ನ ಅಂಗಳದಲ್ಲಿ ಅಪ್ಪನ ತಳಿ ಅಲ್ಲಿಗೆ ಮುಗಿಯಿತು.

ಹೋದ ವರ್ಷದ ಈಸ್ಟರಿಗೂ ತಮ್ಮ ಎಂದಿನಂತೆ ಬಂದ. ಗಂಟನ್ನು ನನ್ನ ಕೈಗಿತ್ತು, "ಜೀವಂತ ಬೇಕಿತ್ತು ಅಂದಿದ್ಯಲ್ಲ, ಸ್ವಲ್ಪ ತಡವಾಯ್ತು ನೋಡು" ಎಂದು ಹಲ್ಲು ಕಿರಿದು ಹೋದ. ಹೊಲಿಗೆ ಬಿಚ್ಚಿ ಕೈಹಾಕಿದೆ. ಗುಂಡಿಗೆ, ಈಲಿ ಇರಬೇಕಾದ ಕಡೆ ಉಣ್ಣೆಯ ಉಂಡೆಯೊಂದು ಸಿಕ್ಕಿತು. ಬಿಡಿಸಿದರೆ ಮೂರು ಮೊಟ್ಟೆ, ಕಗ್ಗಂದು ಬಣ್ಣದವು. ಹೊಲಿಗೆ ಹಾಕಿದವಳು ಸೊಲಾಂಜ್! ಅವಳು ನನ್ನೊಡನೆ ಅದುವರೆಗೆ ಎರಡು ಮಾತು ಆಡಿದವಳಲ್ಲ. ಗಂಡನ ಮುಂದೆ ತಲೆ ತಗ್ಗಿಸಿಕೊಂಡಿರುವವಳು, ನಾನು ಅವಳನ್ನು ಪೆದ್ದಿ ಎಂದೇ ಎಣಿಸಿದ್ದೆ.

ಕಾವಿಗೆ ಕೂತಿದ್ದ ಹೇಂಟೆಯೊಂದರ ಕೆಳಗೆ ಮೂರನ್ನೂ ಸರಿಸಿದೆ. ಒಂದು ಕೊಳೆಯಿತು, ಒಂದು ಚಿಪ್ಪಿನಲ್ಲೇ ಸತ್ತಿತು, ಒಂದು ಎದ್ದಿತು. ಎದ್ದದ್ದು ಹುಂಜಮರಿ. ಅದನ್ನು ಮನೆಯ ಹಿಂದಿನ ಹಳೇ ಕುದುರೆಲಾಯದಲ್ಲಿ ಬಚ್ಚಿಟ್ಟು ಸಾಕಿದೆ. ಜೋಳದ ನುಚ್ಚು, ತುರಿಕೆ ಸೊಪ್ಪು, ಹುಳಿಯಾದ ಹಾಲು ತಿನ್ನಿಸಿದೆ. ವಾರಕ್ಕೊಮ್ಮೆ ಕಣ್ಣು ಮುಚ್ಚಿಕೊಂಡು ಎದೆ ಮುಟ್ಟಿ ನೋಡುತ್ತಿದ್ದೆ, ಅಪ್ಪ ಮುಟ್ಟುತ್ತಿದ್ದ ಹಾಗೆ. ಚಳಿಗಾಲ ಕಳೆಯುವ ಹೊತ್ತಿಗೆ ಅದು ಮುದಿ ಹೇಂಟೆಗಳನ್ನು ಮೆಟ್ಟಿತು. ಈ ವಸಂತದಲ್ಲಿ ಐದು ಕಪ್ಪು ಮರಿಗಳು ಲಾಯದ ತುಂಬ ಓಡಾಡುತ್ತಿದ್ದವು.

ಈಸ್ಟರಿಗೆ ಮುಂಚೆ ಸಂತೆಯಲ್ಲಿ, ಬೀನ್ಸ್ ಅಂಗಡಿಯ ಮುಂದೆ, ಸೊಲಾಂಜ್ ಪಕ್ಕದಲ್ಲಿ ಬಂದು ನಿಂತಳು. ಒಂದು ಹುಂಜ ಎದ್ದಿದೆ ಎಂದು ಪಿಸುಗುಟ್ಟಿದೆ. ಅವಳು ನನ್ನ ಮುಖ ನೋಡದೆ ಬೀನ್ಸ್ ಆರಿಸುತ್ತ ಹೇಳಿದಳು:

"ಒಂದು ಹುಂಜ ಸಾಲಲ್ಲ ಅಕ್ಕ. ಈ ಸಲಾನೂ ಕಳಿಸ್ತೀನಿ. ನಮ್ಮನೇಲಿ ಈ ವರ್ಷ ಒಂದ್ ಮರೀನೂ ಎದ್ದಿಲ್ಲ. ಕಾವು ಪೆಟ್ಟಿಗೆ ಕೆಟ್ಟಿದೆ ಅಂತ ದಿನಾ ಅದನ್ನ ಬೈತಾ ಕೂತಿರ್ತಾನೆ. ನಿನ್ ಹೇಂಟೆ ಕೆಳಗಾದ್ರೂ ಏಳ್ತಾವೇನೋ."

"ಅವನಿಗೆ ಗೊತ್ತಾದ್ರೆ?"

"ಅವನಿಗೆ ತನ್ ಮುಖ ಬಿಟ್ಟು ಬೇರೇನು ಗೊತ್ತಾಗತ್ತೆ?"

ಹಬ್ಬದ ಹಿಂದಿನ ದಿನ ಅವನ ಗಾಡಿ ಅಂಗಳಕ್ಕೆ ಬಂತು. ಸೊಲಾಂಜ್ ಗಾಡಿಯೊಳಗೇ ಕೂತಿದ್ದಳು. ಅನ್ಸೆಲ್ಮ್ ಗಂಟನ್ನು ಬಾವಿಕಟ್ಟೆಯ ಮೇಲಿಟ್ಟು, "ತಗೋ ಒನೋರಿನ್, ನಿನ್ ವರ್ಷದ ಪಾಲು" ಎಂದ. ಅಷ್ಟರಲ್ಲಿ ಲಾಯದಿಂದ ಹುಂಜ ಕೂಗಿತು. ಅಪ್ಪನ ತಳಿಯ ಕೂಗು ಎಲ್ಲಕ್ಕಿಂತ ಬೇರೆ. ಜೋರಾಗಿ ಎದ್ದು, ಕೊನೆಯಲ್ಲಿ ಗಂಟಲು ಹಿಡಿದಂತೆ ಥಟ್ಟನೆ ನಿಲ್ಲುತ್ತದೆ. ಹುಂಜವನ್ನು ಬಚ್ಚಿಡಬಹುದು, ಅದರ ಬಾಯಿ ಕಟ್ಟುವವರು ಯಾರು?

ಅವನು ಓಡಿಹೋಗಿ ಲಾಯದ ಬಾಗಿಲು ಒದ್ದ. ಮರುಕ್ಷಣ ನನ್ನ ಹುಂಜದ ಕಾಲು ಹಿಡಿದು ತಲೆಕೆಳಗಾಗಿ ನೇತಾಡಿಸುತ್ತ ಹೊರಬಂದ.

"ಕಳ್ಳಿ! ನನ್ ಗೂಡಿಗೆ ಯಾವಾಗ ನುಗ್ಗಿದ್ಯೇ?"

"ನಿನ್ ಗೂಡಿನ ವಾಸನೆಗೇ ನಂಗೆ ವಾಂತಿ ಬರತ್ತೆ. ಬಿಡು ಅದನ್ನ."

"ಹಾಗಾದ್ರೆ ಇದೇನು ಆಕಾಶದಿಂದ ಉದುರ್ತಾ? ಹೇಳು! ಯಾರು ತಂದ್ಕೊಟ್ರು?"

ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಒಂದು ವರ್ಷದಿಂದ ಆ ಮಾತನ್ನು ಅವನ ಮುಖಕ್ಕೆ ಉಗಿಯುವುದನ್ನೇ ಕನಸು ಕಾಣುತ್ತಿದ್ದೆ. ಆದರೆ ಆಡಿದರೆ ಸೊಲಾಂಜ್ ಗತಿ ಏನು? ನುಂಗಿಕೊಂಡೆ. ಅಷ್ಟು ಕಹಿಯಾದದ್ದನ್ನು ನಾನು ಎಂದೂ ನುಂಗಿರಲಿಲ್ಲ.

"ಹೇಳಲ್ವಾ? ಸರಿ, ಇದನ್ನೂ ಪುಕ್ಕ ಕಿತ್ತೇ ಕೊಡ್ತೀನಿ" ಎಂದು ಅವನು ಹುಂಜದ ಕತ್ತಿಗೆ ಕೈಹಾಕಿದ. ನಾನು ಹುಲ್ಲು ಕೆದರುವ ಕವೆಗೋಲು ಎತ್ತಿಕೊಂಡೆ. ತಮ್ಮ ಎಂದು ನೋಡುತ್ತಿರಲಿಲ್ಲ, ಸತ್ಯವಾಗಿಯೂ ಚುಚ್ಚುತ್ತಿದ್ದೆ.

ಗಾಡಿಯ ಬಾಗಿಲು ದಡಾರೆಂದಿತು.

"ಬಿಡು ಅದನ್ನ" ಎಂದಳು ಸೊಲಾಂಜ್. "ತಂದ್ಕೊಟ್ಟೋನು ನೀನೇ."

ಅವಳು ಬಾವಿಕಟ್ಟೆಯ ಮೇಲಿನ ಗಂಟು ಬಿಚ್ಚಿದಳು, ಸತ್ತ ಹುಂಜದ ಹೊಲಿಗೆಯನ್ನು ಹಲ್ಲಿನಿಂದ ಕಚ್ಚಿ ಹರಿದಳು, ಒಳಗಿಂದ ಉಣ್ಣೆಯ ಉಂಡೆ ತೆಗೆದು ಅವನ ಮುಂದೆ ಬಿಡಿಸಿದಳು. ಮೂರು ಮೊಟ್ಟೆ.

"ಹೋದ ವರ್ಷಾನೂ ಹೀಗೇ. ಎರಡು ಕೈಲೂ ಹಿಡ್ಕೊಂಡು, ಒಡೀದ ಹಾಗೆ, ನೀನೇ ತಂದಿದ್ದು. ಅಕ್ಕನ್ನ ಅಣಕಿಸೋ ಖುಷೀಲಿ ತೂಕಾನೂ ನೋಡ್ಲಿಲ್ಲ."

ಅನ್ಸೆಲ್ಮ್‌ನ ಮುಖ ಹುಂಜದ ಜುಟ್ಟಿಗಿಂತ ಕೆಂಪಾಯಿತು. ಕೈಯಲ್ಲಿದ್ದ ಹುಂಜ ಕೊಸರಿಕೊಂಡು ಲಾಯಕ್ಕೆ ಓಡಿತು. ಅವನು ಮೊಟ್ಟೆಗಳನ್ನು ಕಸಿದುಕೊಂಡ.

"ಮರಿ ಬೇಕಾ ನಿಂಗೆ? ಇಗೋ, ನಿನ್ ಕೋಳಿಗೇ ತಿನ್ನಿಸ್ತೀನಿ!"

ಕೋಳಿಗಳ ತಗಡಿನ ತಟ್ಟೆಯ ಅಂಚಿಗೆ ಬಡಿದು ಒಂದೊಂದಾಗಿ ಒಡೆದು ಸುರಿದ. ಸುರಿದವನು ಹಾಗೇ ಹೋಗಬಹುದಿತ್ತು. ಆದರೆ ಎಷ್ಟಾದರೂ ಅವನು ನಮ್ಮಪ್ಪನ ಮಗ, ಒಡೆದ ಮೊಟ್ಟೆಯನ್ನು ನೋಡದೆ ಹೋಗುವ ಅಭ್ಯಾಸ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ಹುಂಜ ಮೆಟ್ಟಿದ ಮೊಟ್ಟೆಯಾದರೆ ಹಳದಿಯ ಮೇಲೆ ಬಿಳಿ ಉಂಗುರ ಕಾಣುತ್ತದೆ. ಅವನು ಬಗ್ಗಿ ನೋಡಿದ. ಮಂಡಿಯೂರಿ ಇನ್ನೂ ಹತ್ತಿರದಿಂದ ನೋಡಿದ. ಬೆರಳಿನಿಂದ ಒಂದು ಹಳದಿಯನ್ನು ಮೆಲ್ಲಗೆ ತಿರುಗಿಸಿದ. ನಾನೂ ನೋಡಿದೆ. ಮೂರರಲ್ಲೂ ಉಂಗುರವಿಲ್ಲ, ಮಸುಕು ಚುಕ್ಕಿ ಅಷ್ಟೆ.

"ಮೂರೂ ಗೊಡ್ಡು" ಎಂದಳು ಸೊಲಾಂಜ್. "ಪಾಪ, ಆ ಕಾವು ಪೆಟ್ಟಿಗೇನ ಎಷ್ಟು ಬೈದೆ ನೀನು."

ಒಂದೇ ರಕ್ತದಲ್ಲಿ ಕೂಡಿ ಕೂಡಿ ಗೊಡ್ಡಾದ ರಿಬ್ಬನ್ನಿನ ಹುಂಜಗಳು! ನನಗೆ ನಗು ತಡೆಯಲಾಗಲಿಲ್ಲ, ತಡೆಯಲು ಪ್ರಯತ್ನಿಸಲೂ ಇಲ್ಲ. ಹೇಂಟೆಗಳು ಬಂದು ಅವನ ಮಂಡಿಯ ಪಕ್ಕದಲ್ಲೇ ತಟ್ಟೆಯನ್ನು ಕುಕ್ಕತೊಡಗಿದವು. ಅವನು ಏಳಲಿಲ್ಲ. ತೆರೆದ ಬಾಗಿಲಿನಿಂದ ಲಾಯದೊಳಗೆ ನೋಡುತ್ತಿದ್ದ. ಐದು ಮರಿಗಳು ಹುಲ್ಲಿನಲ್ಲಿ ಕೆದಕುತ್ತಿದ್ದವು. ಅವುಗಳಲ್ಲಿ ಎರಡು ಹುಂಜಮರಿಗಳು, ತಲೆಯ ಮೇಲೆ ಜುಟ್ಟು ಆಗಲೇ ಕೆಂಪಗೆ ಮೂಡಿತ್ತು.

"ಅಕ್ಕ" ಎಂದ ಅವನು.

ಎಷ್ಟು ವರ್ಷವಾಗಿತ್ತು ಆ ಮಾತು ಕೇಳಿ. ಒಂದು ಗಳಿಗೆ ಕೊಟ್ಟುಬಿಡೋಣ ಎನ್ನಿಸಿತು, ಸುಳ್ಳೇಕೆ ಹೇಳಲಿ.

"ಅಕ್ಕ, ಒಂದು ಹುಂಜ ಕೊಡು. ಅಪ್ಪನ ತಳಿ ನನ್ ಕಡೆ ಮುಗಿಯತ್ತೆ."

"ಕೊಡ್ತೀನಿ" ಎಂದೆ. "ಮುಂದಿನ ಈಸ್ಟರ್‌ಗೆ ಬಾ. ಕತ್ತಿನ ಗರಿ ಹಾಗೇ ಬಿಟ್ಟಿರ್ತೀನಿ."

ಅವನು ಒಬ್ಬನೇ ಗಾಡಿ ಹತ್ತಿ ಹೋದ. ಬಾವಿಕಟ್ಟೆಯ ಮೇಲಿದ್ದ ಹುಂಜವನ್ನು ನಾನು ವೈನಿನಲ್ಲಿ ಬೇಯಿಸಿದೆ, ಸೊಲಾಂಜ್ ನನ್ನ ಎದುರು ಕೂತು ತಿಂದಳು. ಮಾಂಸ ಮಾತ್ರ ಬರೀ ನಾರು.