ಭೋಂಕಾರನ ನಾಲ್ಕು ಹಲ್ಲು

ಗುರುವಾರ ಬೆಳಿಗ್ಗೆ ನನ್ನ ಮೇಜಿನ ಮೇಲೆ ಬಂದು ಕೂತ ಬಾಯಿಯನ್ನು ನೋಡಿದ ಕೂಡಲೇ ಗುರುತು ಹಿಡಿದೆ. ಪ್ಲಾಸ್ಟರಿನ ಅಚ್ಚು. ಮೇಲ್ದವಡೆಯಲ್ಲಿ ಮುಂದಿನ ನಾಲ್ಕು ಹಲ್ಲು ನಾಪತ್ತೆ, ಎಡಗಡೆಯ ಕೋರೆಹಲ್ಲು ಬಸ್ಸಿನ ಸೀಟಿನಲ್ಲಿ ಕಾಲು ಚಾಚಿದವನ ಹಾಗೆ ಪಕ್ಕದ ಹಲ್ಲಿನ ಜಾಗಕ್ಕೆ ನುಗ್ಗಿದೆ. ಜನ ಮುಖ ನೋಡಿ ಗುರುತು ಹಿಡಿಯುತ್ತಾರೆ. ಕಟ್ಟುಹಲ್ಲು ಮಾಡುವ ನನಗೆ ಬಾಯಿಯೇ ಮುಖ. ಅದರಲ್ಲೂ ಇದು ವಾರಕ್ಕೆ ಐದು ದಿನ ಕಾರಿನ ಕಿಟಕಿಯಿಂದ ಹೊರಬಂದು ನನ್ನ ಸೈಕಲ್ಲಿನ ಮೇಲೆ ಪೂರ್ತಿ ತೆರೆದುಕೊಂಡ ಬಾಯಿ.

"ರಸ್ತೆ ಏನ್ ನಿಮ್ಮಪ್ಪಂದಾ? ಪಕ್ಕಕ್ಕೆ ಸಾಯೋ!"

ಭೋಂಕಾರ. ನಮ್ಮ ಬಡಾವಣೆಯ ಸಂಘದ ಕಾರ್ಯದರ್ಶಿ. ಹಾರ್ನಿನ ಮೇಲೆ ಅಂಗೈ ಇಟ್ಟನೆಂದರೆ ಓಣಿ ಮುಗಿಯುವವರೆಗೆ ಭೋಂ ಎಂಬ ನಾದ ನಿಲ್ಲದಿದ್ದರಿಂದ ಆ ಹೆಸರಿಟ್ಟವನು ನಾನೇ. ಅವನ ದನಿಯನ್ನು ನಾನು ಎಷ್ಟು ಚೆನ್ನಾಗಿ ಅನುಕರಿಸುತ್ತೇನೆಂದರೆ, ಒಮ್ಮೆ ಸ್ನಾನದ ಮನೆಯಿಂದ "ಟವೆಲ್ ಎಲ್ರೀ?" ಎಂದು ಅವನ ಹಾಗೆ ಗದರಿದ್ದಕ್ಕೆ ನಮ್ಮತ್ತೆ ಹೆದರಿ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿದ್ದರು.

ತಮಾಷೆ ಅಷ್ಟಕ್ಕೇ ಮುಗಿಯಿತು. ಏಳು ತಿಂಗಳ ಹಿಂದೆ, ಓಣಿಯ ತಿರುವಿನಲ್ಲಿ, ಅವನ ಕಾರಿನ ಕನ್ನಡಿ ನನ್ನ ಹ್ಯಾಂಡಲ್ಲಿಗೆ ತಾಗಿತು. ನಾನು ಚರಂಡಿಯ ಅಂಚಿಗೆ ಬಿದ್ದೆ. ಅವನು ಕಾರು ನಿಲ್ಲಿಸಿ, ಕಿಟಕಿ ಇಳಿಸಿ, ಮೊದಲು ಕನ್ನಡಿ ನೋಡಿಕೊಂಡ. ಆಮೇಲೆ ನನ್ನನ್ನು ನೋಡದೆಯೇ ಹೋದ. ಬಲಗೈ ಮಣಿಕಟ್ಟು ಮುರಿದಿತ್ತು. ಹಲ್ಲು ಕೆತ್ತುವ ಕೈ. ಆರು ವಾರ ನನ್ನ ಕೆಲಸವನ್ನೂ ಲ್ಯಾಬಿನ ಯಜಮಾನರೇ ಮಾಡಿದರು. ಸಂಘಕ್ಕೆ ದೂರು ಕೊಟ್ಟರೆ ಉತ್ತರ ಬರೆದವನು ಕಾರ್ಯದರ್ಶಿಯೇ: ಆ ದಿನ ಕಾರ್ಯದರ್ಶಿಗಳು ಊರಿನಲ್ಲಿರಲಿಲ್ಲ.

ಈಗ ಅವನ ಕಣ್ಣು ಬಡಾವಣೆಯ ಹಿಂದಿನ ಸಣ್ಣ ಗೇಟಿನ ಮೇಲೆ ಬಿದ್ದಿತ್ತು. ಸೈಕಲ್ಲಿನವರು ಬಂದು ಹೋಗುವುದರಿಂದ ಸುರಕ್ಷತೆ ಇಲ್ಲ, ಆದ್ದರಿಂದ ಗೇಟಿಗೆ ಗೋಡೆ ಎಂಬುದು ಅವನ ಪ್ರಸ್ತಾಪ. ಆ ಗೇಟಿದ್ದರೆ ನಾನು ಹನ್ನೊಂದು ನಿಮಿಷಕ್ಕೆ ಲ್ಯಾಬಿನಲ್ಲಿ. ಇಲ್ಲದಿದ್ದರೆ ಲಾರಿಗಳ ಜೊತೆ ಹೆದ್ದಾರಿಯಲ್ಲಿ ಮುಕ್ಕಾಲು ಗಂಟೆ. ನನ್ನ ಹೆಂಡತಿ ಆಗಲೇ ತೀರ್ಪು ಕೊಟ್ಟಿದ್ದಳು: "ನೀವು ಹೆದ್ದಾರಿ ಹತ್ತಿದ ದಿನ ಸೈಕಲ್ ಗುಜರಿಗೆ. ಇನ್ನೊಂದು ಕೈ ಮುರ್ಕೊಂಡ್ರೆ ಊಟ ಮಾಡ್ಸೋಕೆ ನನಗೆ ಪುರುಸೊತ್ತಿಲ್ಲ." ಭಾನುವಾರ ಹತ್ತಕ್ಕೆ ಸಭೆ. ಮೊದಲು ಗೇಟು, ಆಮೇಲೆ ಕಾರ್ಯದರ್ಶಿಯ ಚುನಾವಣೆ.

ಅಂದಹಾಗೆ, ಭೋಂಕಾರನಿಗೂ ಒಂದು ಸೈಕಲ್ಲಿದೆ. ಬೆರಳಲ್ಲಿ ಎತ್ತಬಹುದಾದಂಥದು. ಭಾನುವಾರ ಅದನ್ನು ಕಾರಿನ ಬೆನ್ನಿಗೆ ಕಟ್ಟಿ, ಮೈಗಂಟಿದ ಬಟ್ಟೆ ತೊಟ್ಟು, ಕೆರೆಯ ಹತ್ತಿರ ಕೊಂಡೊಯ್ದು ತುಳಿಯುತ್ತಾನೆ. ಅದು ವ್ಯಾಯಾಮ, ನಾವು ತುಳಿಯುವುದು ಅಡಚಣೆ. ಕಳೆದ ವಾರ ಪೆಡಲಿಗೆ ಕಚ್ಚಿಕೊಳ್ಳುವ ಹೊಸ ಬೂಟು ಹಾಕಿದ್ದನಂತೆ. ಫೋಟೋ ತೆಗೆಸಿಕೊಳ್ಳಲು ಸೈಕಲ್ ನಿಲ್ಲಿಸಿದ್ದಾನೆ, ಬೂಟು ಬಿಟ್ಟುಕೊಂಡಿಲ್ಲ. ನಿಂತಲ್ಲೇ ಮರದಂತೆ ಉರುಳಿ ಕಲ್ಲುಬೆಂಚನ್ನು ಕಚ್ಚಿದ.

ಏಳು ತಿಂಗಳಿಂದ ಅವನ ಮೇಲೆ ಹಲ್ಲು ಮಸೆಯುತ್ತಿದ್ದ ನನಗೆ ಈಗ ಮಸೆಯಲು ಅವನ ಹಲ್ಲೇ ಸಿಕ್ಕಿತ್ತು.

ಹಲ್ಲು ಚೆನ್ನಾಗಿಯೇ ಮಾಡಿದೆ. ಬಣ್ಣ, ಅಳತೆ, ಸಾಲು, ಯಾವುದಕ್ಕೂ ಕೊಂಕಿಲ್ಲ. ಆದರೆ ಮುಂದಿನ ಹಲ್ಲಿನ ಬೆನ್ನಿಗೆ, ಅಂಗುಳಿನ ತಟ್ಟೆಯಲ್ಲಿ, 'ಸ' ಅನ್ನುವಾಗ ಗಾಳಿ ಜಾರುವ ಜಾಗವೊಂದಿದೆ. ಅಲ್ಲಿ ಅಕ್ಕಿಕಾಳಿನುದ್ದದ ಒಂದು ಇಕ್ಕಟ್ಟು ಕಾಲುವೆ ಕೊರೆದರೆ ಸಾಕು, ಪ್ರತಿ 'ಸ'ಗೂ ಸೀಟಿ. ಕೊರೆದೆ. ನುಣುಪು ಮಾಡಿದೆ. ಯಜಮಾನರು ಬೆಳಕಿಗೆ ಹಿಡಿದು ಮುಂಭಾಗ ನೋಡಿ "ಮುತ್ತು ಕಣಯ್ಯಾ" ಅಂದರು. ಹಿಂಭಾಗ ನೋಡಲಿಲ್ಲ. ಹದಿನಾಲ್ಕು ವರ್ಷ ನಾನು ಅವರಿಗೆ ಆ ಅಗತ್ಯ ತಂದಿರಲಿಲ್ಲ. ಸ್ವಲ್ಪ ಚುಚ್ಚಿತು. ಮಣಿಕಟ್ಟು ಅದಕ್ಕಿಂತ ಹೆಚ್ಚು ಚುಚ್ಚುತ್ತಿತ್ತು.

ಶನಿವಾರ ಮಧ್ಯಾಹ್ನ, ಹಲ್ಲು ಕೂರಿಸಿ ಸೀಟಿ ಕೇಳಿದ ದಂತವೈದ್ಯರು ಅವನನ್ನು ನೇರ ಲ್ಯಾಬಿಗೇ ಅಟ್ಟಿದರು.

"ಯಾರ್ರೀ ಇದನ್ನ ಮಾಡಿದ್ದು? ನಾಳೆ ಸುಯ್ಯ್‌ಸಭೆ ಇದೆ! ಸುಯ್ಯ್‌ಸಂಘದ ಸುಯ್ಯ್‌ಸದಸ್ಯರ ಮುಂದೆ ನಾನು ಸುಯ್ಯ್‌ಸೀಟಿ ಹೊಡೀಲಾ?"

"ನಮ್ಮ ಹುಡುಗ ಸರಿ ಮಾಡ್ತಾನೆ ಕೂತ್ಕೊಳ್ಳಿ ಸಾರ್," ಅಂದರು ಯಜಮಾನರು. ನಲವತ್ತೆರಡರ ವಯಸ್ಸಿನಲ್ಲೂ ನಾನು ಅವರಿಗೆ ಹುಡುಗ.

ಮಾಸ್ಕ್ ಹಾಕಿದ್ದ ನನ್ನನ್ನು ಅವನು ಗುರುತಿಸಲಿಲ್ಲ. ಮಾಸ್ಕ್ ಇಲ್ಲದಾಗ ನೋಡಿದ್ದಾದರೂ ಯಾವಾಗ? ಇಂಥ ಹಲ್ಲನ್ನು ಸರಿಪಡಿಸುವ ಕ್ರಮ ಇಷ್ಟೇ: 'ಸ' ತುಂಬಿದ ಒಂದು ವಾಕ್ಯ ಕೊಡಬೇಕು; ಅವರು ಓದಬೇಕು; ನಾವು ಕೇಳಿ, ಹಲ್ಲು ತೆಗೆಸಿ, ಚೂರು ತಿದ್ದಿ, ಮತ್ತೆ ಓದಿಸಬೇಕು. ನಾನು ಚೀಟಿ ಬರೆದು ಕೊಟ್ಟೆ.

"ಸುಯ್ಯ್‌ಸಣ್ಣ ಓಣಿಯಲ್ಲಿ ಸುಯ್ಯ್‌ಸೈಕಲ್ ಸುಯ್ಯ್‌ಸವಾರನನ್ನು ಸುಯ್ಯ್‌ಸವರಿ ಬೀಳಿಸಿದವನು..." ಅಲ್ಲಿಗೆ ನಿಂತ. ಚೀಟಿ ನೋಡಿದ. ನನ್ನ ಮಣಿಕಟ್ಟಿನ ಗಾಯದ ಗೆರೆ ನೋಡಿದ. "ನೀನಾ?"

"ಪೂರ್ತಿ ಓದಿ ಸಾರ್. ಇನ್ನೂ ಎರಡು ಪದ ಇದೆ."

"ಓದಲ್ಲ."

"ಹಾಗಾದ್ರೆ ನಾಳೆ ಸೀಟಿಯಲ್ಲೇ ಭಾಷಣ. ಬೇಕಾದ್ರೆ ತಾಳ ನಾನು ಹಾಕ್ತೀನಿ."

ಅವನು ಬಾಗಿಲು ನೋಡಿದ, ಗಡಿಯಾರ ನೋಡಿದ. "...ಸುಯ್ಯ್‌ಸಾಕ್ಷಾತ್ ನಾನೇ," ಅಂದ, ಗಂಟಲೊಳಗೆ.

ಪಕ್ಕದ ಮೇಜಿನಲ್ಲಿ ಯಜಮಾನರ ಕೈಯ ಯಂತ್ರ ನಿಂತಿತು. ಆರು ವಾರ ಇಬ್ಬರ ಕೆಲಸ ಎಳೆದವರು ಅವರು. ನನ್ನನ್ನೊಮ್ಮೆ, ಅವನನ್ನೊಮ್ಮೆ ನೋಡಿ ಕುರ್ಚಿ ಎಳೆದುಕೊಂಡು ಹತ್ತಿರ ಬಂದರು. "ನನಗೆ ಕಿವಿ ಸ್ವಲ್ಪ ಮಂದ ಸಾರ್. ಇನ್ನೊಂದ್ಸಲ ಜೋರಾಗಿ ಹೇಳಿ?"

ಎಂಟು ಸಲ ಹೇಳಿಸಿದೆವು. ಸಲ ಸಲಕ್ಕೂ ಸೀಟಿ ಕರಗುತ್ತ ತಪ್ಪೊಪ್ಪಿಗೆ ಸ್ಪಷ್ಟವಾಗುತ್ತ ಬಂತು. ಕೊನೆಯ ನುಣುಪಿಗೆಂದು ಹಲ್ಲು ಬಿಚ್ಚಿಸಿಕೊಂಡು ಅಂಗೈಯಲ್ಲಿ ಮುಚ್ಚಿ ಹಿಡಿದೆ.

"ಗೇಟಿನ ಪ್ರಸ್ತಾಪ ವಾಪಸ್ ತಗೊಂಡೆ ಅಂತ ಅಧ್ಯಕ್ಷರಿಗೆ ಈಗ್ಲೇ ಫೋನ್ ಮಾಡಿ. ಇಲ್ಲಾಂದ್ರೆ ಇದು ಸೋಮವಾರ ಸಿಗುತ್ತೆ. ನಾಳೆ ಚುನಾವಣೇಲಿ ಬೊಚ್ಚುಬಾಯಲ್ಲೇ ಮತ ಕೇಳಿ."

"ಇದು ಬ್ಲಾಕ್‌ಮೇಲು!" ಎನ್ನಲು ಹೊರಟ ಅವನ ಬಾಯಿಂದ ಉಗುಳು ಮಾತ್ರ ಸಲೀಸಾಗಿ ಬಂತು. ಯಜಮಾನರು ಕನ್ನಡಕ ಒರೆಸಿಕೊಂಡು, "ಆ ವಾಕ್ಯ ನಂಗೂ ಬಾಯಿಪಾಠ ಆಯ್ತು ಸಾರ್. ನಾಳೆ ಸಭೆಗೆ ನಾನೂ ಬರಬಹುದಾ?" ಎಂದು ವಿನಯದಿಂದ ಕೇಳಿದರು.

ಅವನು ಫೋನ್ ಒತ್ತಿದ. "ಫಾರ್, ಗೇಟ್ ಪ್ರಫ್ತಾಪ ವಾಪಫ್."

"ಯಾರ್ರೀ ಅದು? ಬಾಯಲ್ಲಿ ಏನಿಟ್ಕೊಂಡು ಮಾತಾಡ್ತಿದ್ದೀರಿ?"

"ಏನೂ ಇಲ್ಲ ಫಾರ್, ಅದೇ ಫಮಫ್ಯೆ."

ಅಧ್ಯಕ್ಷರು ಫೋನ್ ಇಟ್ಟರು. ಭೋಂಕಾರ ನನ್ನತ್ತ ನೋಡಿದ. ನಾನೇ ಫೋನ್ ತೆಗೆದುಕೊಂಡು, ಮತ್ತೆ ಅದೇ ನಂಬರ್ ಒತ್ತಿ, ಅವನದೇ ದನಿಯಲ್ಲಿ ಗದರಿದೆ: "ಏನ್ರೀ, ನಾನ್ ಮಾತಾಡ್ತಿದ್ರೆ ಕಟ್ ಮಾಡ್ತೀರಾ? ಗೇಟಿನ ಪ್ರಸ್ತಾಪ ವಾಪಸ್. ಚರ್ಚೆ ಬೇಡ. ಬರ್ಕೊಳ್ಳಿ!"

"ಓಹೋ ನೀವಾ! ಹೀಗ್ ಹೇಳಿದ್ರೆ ಗೊತ್ತಾಗುತ್ತೆ ನೋಡಿ. ಬರ್ಕೊಂಡೆ, ಬರ್ಕೊಂಡೆ."

ಅವನು ನನ್ನ ಬಾಯನ್ನೇ ನೋಡುತ್ತಿದ್ದ, ತನ್ನದನ್ನು ಯಾರೋ ಕದ್ದಿದ್ದಾರೆ ಎಂಬಂತೆ. ಹಲ್ಲು ಕೊಟ್ಟೆ. ಸಂಘದ ನಿಯಮದಂತೆ, ಹಿಂಪಡೆದ ಪ್ರಸ್ತಾಪ ಒಂದು ವರ್ಷ ಮತ್ತೆ ಬರುವಂತಿಲ್ಲ. ಆ ನಿಯಮ ಬರೆದವನೂ ಅವನೇ.

ಭಾನುವಾರ ಚೆಂದವಾಗಿ ಭಾಷಣ ಮಾಡಿ ಗೆದ್ದ. ಗೆಲ್ಲಲಿ.

ನಾನು ಕಾಲುವೆಯನ್ನು ಪೂರ್ತಿ ಮುಚ್ಚಿರಲಿಲ್ಲ. ಕೂದಲೆಳೆಯಷ್ಟು ಉಳಿಸಿದ್ದೆ. ಸಮಾಧಾನವಾಗಿ ಮಾತಾಡಿದರೆ ಗಾಳಿಗೆ ಅದು ಸಿಗುವುದೇ ಇಲ್ಲ, ಕಿರುಚಿದರೆ ಸಿಗುತ್ತದೆ.

ಸೋಮವಾರ ಬೆಳಿಗ್ಗೆ ಓಣಿಯಲ್ಲಿ ಬೆನ್ನ ಹಿಂದೆ ಭೋಂ ಎಂದಿತು. ಕಿಟಕಿ ಇಳಿಯಿತು. "ಪಕ್ಕಕ್ಕೆ ಸುಯ್ಯ್‌—" ಅಷ್ಟೇ. ಗೇಟಿನ ಬಳಿ ನಿಂತಿದ್ದ ಇಬ್ಬರು ತಿರುಗಿ ನೋಡಿದರು, ಒಬ್ಬ ನಕ್ಕ. ಕಿಟಕಿ ಮೇಲೇರಿತು.

ನಾನು ರಸ್ತೆಯ ನಡುಮಧ್ಯಕ್ಕೆ ಬಂದು, ಗೇಟಿನವರೆಗೂ, ನಡೆಯುವವರಿಗಿಂತ ನಿಧಾನವಾಗಿ ತುಳಿದೆ.